ಇಪಿಎಬಿಎಕ್ಸ್: ರಿಪೇರಿಯೋ, ಅಪ್‌ಗ್ರೇಡೋ, ಹೊಸದೋ? ಅಂತರಸನಹಳ್ಳಿಯ ಒಂದು ಕಾರ್ಖಾನೆ ಕಚೇರಿಯ ಕೆಲಸದ ದಾಖಲೆ

ಜಾಗ ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ. ಎರಡು ಅಂತಸ್ತಿನ ಕಚೇರಿ, ಹಿಂದೆ ಶೆಡ್, ಪಕ್ಕದಲ್ಲಿ ಸ್ಟೋರ್ಸ್ ಮತ್ತು ಗೋಡೌನ್, ರಸ್ತೆ ಕಡೆ ವೇಬ್ರಿಡ್ಜ್, ಅದರಾಚೆ ಗೇಟು. ಇದ್ದ ವ್ಯವಸ್ಥೆ 4 ಲೈನ್, 24 ಎಕ್ಸ್‌ಟೆನ್ಷನ್‌ನ (ಒಳಗಿನ ಫೋನಿನ) ಅನಲಾಗ್ ಇಪಿಎಬಿಎಕ್ಸ್, ಅಂದರೆ ಹೊರಗಿನ ಲೈನ್‌ಗಳನ್ನು ಕಚೇರಿಯ ಫೋನ್‌ಗಳಿಗೆ ಹಂಚುವ ಬಾಕ್ಸ್, ಹದಿನೈದು ವರ್ಷ ದಾಟಿದ್ದು.

ದೂರು ಹೀಗಿತ್ತು: ಭರಣಿ ಮಳೆಯ ಸಿಡಿಲು ಬಡಿದ ಮಾರನೆ ದಿನದಿಂದ ಎರಡು ಲೈನ್‌ಗಳಲ್ಲಿ ಟೋನ್ ಇಲ್ಲ. ಗೇಟಿನ ಫೋನ್‌ನಲ್ಲಿ ಕರಕರ ಸದ್ದು. ಕರೆಂಟ್ ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ಇಡೀ ಬಾಕ್ಸ್ ರೀಸ್ಟಾರ್ಟ್ ಆಗುತ್ತದೆ, ನಡೆಯುತ್ತಿದ್ದ ಮಾತುಕತೆಯೆಲ್ಲ ಕಡಿದುಹೋಗುತ್ತದೆ. ಇದರ ಜೊತೆಗೆ ಒಂದು ಬೇಡಿಕೆಯೂ ಇತ್ತು: ಬೆಂಗಳೂರಿನಲ್ಲಿ ಕೂರುವ ಇಬ್ಬರು ಸೇಲ್ಸ್‌ನವರು ತುಮಕೂರಿನ 0816 ನಂಬರಿಗೆ ಬರುವ ಕರೆಯನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು.

ಇಂಥ ಕೆಲಸದಲ್ಲಿ ಎಲ್ಲರೂ ಮೊದಲು ಬಾಕ್ಸ್ ನೋಡುತ್ತಾರೆ. ಹಳೆಯದು ಅನ್ನಿಸಿದರೆ ಹೊಸದಕ್ಕೆ ಕೊಟೇಶನ್ ತರಿಸುತ್ತಾರೆ. ಆದರೆ ಬಾಕ್ಸನ್ನು ಕೊನೆಗೆ ನೋಡಬೇಕು. ಹೊರಗಿನಿಂದ ಬರುವ ಲೈನ್ ಇನ್ನೆಷ್ಟು ವರ್ಷ ತಾಮ್ರದಲ್ಲೇ ಬರುತ್ತದೆ, ಒಳಗಿನ ಕೇಬಲ್ ಯಾವ ಸ್ಥಿತಿಯಲ್ಲಿದೆ, ಫೋನನ್ನು ನಿಜವಾಗಿ ಬಳಸುವವರು ಯಾರು ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಬಾಕ್ಸ್ ಏನು ಮಾಡಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ. ಕೆಲಸ ನಡೆದ ಕ್ರಮದಲ್ಲೇ ಬರೆದಿದೆ.

ಬಳಸಿದ ಸಾಮಾನು: ಮಲ್ಟಿಮೀಟರ್, ಟೆಸ್ಟ್ ಫೋನ್, ಕ್ರೋನ್ ಟೂಲ್ (ಕ್ರೋನ್ ಎಂಬ ಜೋಡಣೆ ಪಟ್ಟಿಗೆ ತಂತಿ ಒತ್ತಲು), ಟೋನ್ ಜನರೇಟರ್ ಮತ್ತು ಪ್ರೋಬ್ (ತಂತಿಯ ಜಾಡು ಹಿಡಿಯಲು), 250 ವೋಲ್ಟ್ ರೇಂಜ್ ಇರುವ ಮೆಗ್ಗರ್ (ತಂತಿಯ ಇನ್ಸುಲೇಷನ್ ಅಳೆಯಲು), ಅರ್ತ್ ಟೆಸ್ಟರ್, ಸೋಲ್ಡರಿಂಗ್ ಐರನ್, ಯುಎಸ್‌ಬಿ-ಸೀರಿಯಲ್ ಕೇಬಲ್ ಇರುವ ಲ್ಯಾಪ್‌ಟಾಪ್.

1. ಸ್ವಿಚ್ ಆಫ್ ಮಾಡುವ ಮೊದಲು

ಹಳೆಯ ಇಪಿಎಬಿಎಕ್ಸ್‌ಗಳಲ್ಲಿ ಪ್ರೋಗ್ರಾಮಿಂಗ್ ಉಳಿಯುವುದು ಸಿಪಿಯು ಕಾರ್ಡಿನ ಮೇಲಿನ ಪುಟ್ಟ ಬ್ಯಾಟರಿಯ ಬಲದಿಂದ. ಹತ್ತು ವರ್ಷ ದಾಟಿದ ಬಾಕ್ಸ್‌ನಲ್ಲಿ ಆ ಬ್ಯಾಟರಿಯನ್ನು ನಂಬುವ ಹಾಗಿಲ್ಲ. ಮೇನ್ಸ್ ತೆಗೆದ ಕ್ಷಣ ಎಕ್ಸ್‌ಟೆನ್ಷನ್ ನಂಬರ್, ಯಾವ ಲೈನ್ ಎಲ್ಲಿ ರಿಂಗ್ ಆಗಬೇಕು, ಯಾರಿಗೆ ಹೊರಗಿನ ಕರೆ ಬಿಡಬೇಕು ಎಂಬುದೆಲ್ಲ ಅಳಿಸಿಹೋಗಬಹುದು. ಆದ್ದರಿಂದ ಬಾಕ್ಸ್ ಚಾಲೂ ಇರುವಾಗಲೇ ಪ್ರೋಗ್ರಾಮಿಂಗ್ ಫೋನ್‌ನಿಂದ ಒಂದೊಂದೇ ಸೆಟಿಂಗ್ ತೆರೆದು ಕಾಗದದ ಮೇಲೆ ಬರೆದುಕೊಂಡದ್ದಾಯಿತು. ಎಂಡಿಎಫ್‌ನ, ಅಂದರೆ ಹೊರಗಿನ ಒಳಗಿನ ತಂತಿಗಳೆಲ್ಲ ಬಂದು ಸೇರುವ ಚೌಕಟ್ಟಿನ, ಪ್ರತಿ ಕ್ರೋನ್ ಮಾಡ್ಯೂಲ್‌ನ ಫೋಟೋ ಕೂಡ ತೆಗೆದದ್ದಾಯಿತು.

ಸಿಪಿಯು ಕಾರ್ಡಿನಲ್ಲಿ ಇದ್ದದ್ದು 3.6 ವೋಲ್ಟ್‌ನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಅಳತೆ 0.9 ವೋಲ್ಟ್. ಬುಡದಲ್ಲಿ ಹಸಿರು-ಬಿಳಿ ಪುಡಿ ಕಟ್ಟಿತ್ತು. ಆ ಪುಡಿ ಪಿಸಿಬಿಯ (ಸರ್ಕ್ಯೂಟ್ ಹಲಗೆಯ) ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಹಳೆಯ ಬಾಕ್ಸ್‌ಗಳು ಸಿಡಿಲಿಗಿಂತ ಹೆಚ್ಚಾಗಿ ಇದರಿಂದಲೇ ಸಾಯುವುದು. ಇಲ್ಲಿ ಎರಡು ಗೆರೆ ಕಪ್ಪಾಗಿದ್ದವು, ಇನ್ನೂ ಕಡಿದಿರಲಿಲ್ಲ. ಬ್ಯಾಟರಿ ಕಿತ್ತು, ವಿನೆಗರ್ ಹಚ್ಚಿದ ಬಡ್ಸ್‌ನಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿ ಹೊಸ ಬ್ಯಾಟರಿ ಹಾಕಿದ್ದು. ನಿಕಲ್-ಕ್ಯಾಡ್ಮಿಯಂ ಇದ್ದ ಜಾಗಕ್ಕೆ ಲಿಥಿಯಂ ಕಾಯಿನ್ ಸೆಲ್ ಹಾಕಬಾರದು. ಆ ಸರ್ಕ್ಯೂಟ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಲೇ ಇರುತ್ತದೆ, ಲಿಥಿಯಂ ಸೆಲ್ ಅದನ್ನು ತಾಳಿಕೊಳ್ಳುವುದಿಲ್ಲ.

2. ಹೊರಗಿನ ಲೈನ್‌ಗಳು

ಎಂಡಿಎಫ್‌ನಲ್ಲಿ ಬಾಕ್ಸ್ ಕಡೆಯ ಜಂಪರ್ (ಜೋಡಿಸುವ ತಂತಿ) ಬಿಡಿಸಿ, ಎಕ್ಸ್‌ಚೇಂಜ್ ಕಡೆಯಿಂದ ಬರುವ ಜೋಡಿಯನ್ನು ಮಾತ್ರ ಅಳೆಯಬೇಕು. ಒಳ್ಳೆಯ ತಾಮ್ರದ ಲೈನ್ ರಿಸೀವರ್ ಇಟ್ಟಾಗ 48 ವೋಲ್ಟ್ ಆಸುಪಾಸು ತೋರಿಸುತ್ತದೆ, ಎತ್ತಿದಾಗ 6ರಿಂದ 12ಕ್ಕೆ ಇಳಿಯುತ್ತದೆ.

ಲೈನ್ 1: 49 ವೋಲ್ಟ್, ಎತ್ತಿದಾಗ 8.
ಲೈನ್ 2: 49 ವೋಲ್ಟ್, ಎತ್ತಿದಾಗ 7.6.
ಲೈನ್ 3: 3 ವೋಲ್ಟ್. ಸತ್ತಿದೆ.
ಲೈನ್ 4: 50 ವೋಲ್ಟ್. ಲೈನ್ ಚೆನ್ನಾಗಿದೆ, ಹಾಗಾದರೆ ದೋಷ ಬಾಕ್ಸ್‌ನಲ್ಲಿದೆ.

ಲೈನ್ 3ಕ್ಕೆ ದೂರು ಬರೆಸುವ ಮೊದಲು ಕ್ರೋನ್ ಮೇಲೆ ಸಿಕ್ಕಿಸಿದ ಪ್ರೊಟೆಕ್ಷನ್ ಮಾಡ್ಯೂಲ್ ಎಳೆದು ನೋಡಿದಾಗ ಮೀಟರ್ 50ಕ್ಕೆ ಹಾರಿತು. ಮಾಡ್ಯೂಲ್ ಒಳಗಿನ ಜಿಡಿ ಟ್ಯೂಬ್ (ವೋಲ್ಟೇಜ್ ಮಿತಿ ಮೀರಿದಾಗ ಅದನ್ನು ಅರ್ತ್‌ಗೆ ಹರಿಸುವ ಅನಿಲದ ಟ್ಯೂಬ್) ಸಿಡಿಲನ್ನು ತಾನು ತಿಂದು ಶಾರ್ಟ್ ಆಗಿ ನಿಂತಿತ್ತು. ಅದರ ಕೆಲಸವೇ ಅದು. ಟ್ಯೂಬ್ ಶಾರ್ಟ್ ಆದರೆ ಲೈನಿನ ಒಂದು ಕಾಲು ಅರ್ತ್‌ಗೆ ಬಿದ್ದು ಎಕ್ಸ್‌ಚೇಂಜ್‌ಗೆ ಯಾರೋ ರಿಸೀವರ್ ಎತ್ತಿಟ್ಟ ಹಾಗೆ ಕಾಣುತ್ತದೆ. ಸಿಡಿಲಿನ ಮಾರನೆ ದಿನ ಲೈನ್ ಸತ್ತರೆ ಮೊದಲು ಎಳೆದು ನೋಡಬೇಕಾದದ್ದು ಇದನ್ನೇ. 90 ರೂಪಾಯಿಯ ಭಾಗ. ಇದನ್ನು ನೋಡದೆ ಕಾರ್ಡ್ ಬದಲಿಸಿದವರು, ಬಾಕ್ಸ್ ಬದಲಿಸಿದವರು ಕೂಡ ಇದ್ದಾರೆ. ಉಳಿದವೂ ಅದೇ ಹೊಡೆತ ತಿಂದಿರುವುದರಿಂದ ನಾಲ್ಕಕ್ಕೂ ಹೊಸದು, ಸ್ಪೇರ್ ಒಂದು.

ಇಲ್ಲೇ ಇನ್ನೊಂದು ವಿಷಯ ತಿಳಿಯಿತು. ಲೈನ್ ಕೊಡುವ ಸಂಸ್ಥೆ ಈ ಭಾಗದ ತಾಮ್ರದ ಲೈನ್‌ಗಳನ್ನು ಫೈಬರ್‌ಗೆ ಬದಲಿಸಿಕೊಡುತ್ತಿದೆ, ನಂಬರ್ ಹಳೆಯದೇ ಉಳಿಯುತ್ತದೆ. ಅಂದರೆ ಮುಂದೆ ಟೋನ್ ಬರುವುದು ಗೋಡೆಯ ಮೇಲಿನ ಒಎನ್‌ಟಿ (ಫೈಬರ್ ಬಂದು ಮುಗಿಯುವ) ಪೆಟ್ಟಿಗೆಯ ಆರ್‌ಜೆ11 ಫೋನ್ ತೂತಿನಿಂದ. ಈ ಬದಲಾವಣೆಯನ್ನು ಹಳೆಯ ಬಾಕ್ಸ್ ಒಪ್ಪಿಕೊಳ್ಳುತ್ತದೆಯೇ ಎಂಬುದು ಮುಖ್ಯ ಪ್ರಶ್ನೆಯಾಯಿತು. ಉತ್ತರ ಹಂತ 6ರಲ್ಲಿದೆ.

3. ಒಳಗಿನ ಕೇಬಲ್

ಕಚೇರಿಯೊಳಗೆ ಗೋಡೆಯ ಪೈಪಿನಲ್ಲಿ ಹೋದ ಕೇಬಲ್‌ಗಳಲ್ಲಿ ಹೇಳಿಕೊಳ್ಳುವ ದೋಷವಿರಲಿಲ್ಲ. ಎರಡೂ ತುದಿ ಬಿಡಿಸಿ ಮೆಗ್ಗರ್ ಹಾಕಿದರೆ ಎಲ್ಲವೂ 50 ಮೆಗಾಓಮ್ ಮೇಲೆ. (ಬಾಕ್ಸ್‌ಗೆ ಜೋಡಿಸಿದ ಕೇಬಲ್ ಮೇಲೆ ಮೆಗ್ಗರ್ ಹಾಕಿದರೆ ಕಾರ್ಡ್ ಸುಡುತ್ತದೆ. ಎರಡೂ ತುದಿ ಬಿಡಿಸಲೇಬೇಕು.)

ಗೇಟಿನ ಲೈನ್ ಮಾತ್ರ ಬೇರೆ ಕಥೆ. ಕಚೇರಿಯಿಂದ ಗೇಟಿಗೆ ನೆಲದೊಳಗೆ ಹೋಗುವ 10 ಜೋಡಿ, 0.5 ಮಿ.ಮೀ. ಜೆಲ್ಲಿ ಕೇಬಲ್, ಉದ್ದ ಸುಮಾರು 210 ಮೀಟರ್. 0.5 ಮಿ.ಮೀ. ತಾಮ್ರ ಹೋಗಿ ಬರುವ ಲೂಪ್‌ಗೆ ಕಿಲೋಮೀಟರಿಗೆ ಸುಮಾರು 175 ಓಮ್. ಹಾಗಾಗಿ ಗೇಟಿನಲ್ಲಿ ಎರಡು ತಂತಿ ಶಾರ್ಟ್ ಮಾಡಿ ಕಚೇರಿಯಲ್ಲಿ ಅಳೆದರೆ 37 ಓಮ್ ಬರಬೇಕು. ಬಂದದ್ದು 160, ಅದೂ ನಿಲ್ಲದೆ 140ಕ್ಕೂ 190ಕ್ಕೂ ಓಲಾಡುತ್ತಿತ್ತು. ಹೀಗೆ ಓಲಾಡಿದರೆ ಅದು ತುಕ್ಕು ಹಿಡಿದ ಜಾಯಿಂಟ್ ಎಂದು ಕಣ್ಣುಮುಚ್ಚಿ ಹೇಳಬಹುದು. ತಂತಿ ಪೂರ್ತಿ ಕಡಿದಿದ್ದರೆ ಮೀಟರ್ ಏನೂ ತೋರಿಸುತ್ತಿರಲಿಲ್ಲ.

ಟೋನ್ ಪ್ರೋಬ್ ಹಿಡಿದು ಹೋದರೆ ಸದ್ದು ವೇಬ್ರಿಡ್ಜ್ ಪಕ್ಕದ ಚೇಂಬರ್ ಹತ್ತಿರ ಕುಗ್ಗಿತು. ತೆರೆದರೆ ಅಲ್ಲಿ ಹಳೆಯ ಜಾಯಿಂಟ್. ತಂತಿಗಳನ್ನು ಕೈಯಲ್ಲಿ ತಿರುಚಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದರು. ಟೇಪ್ ಬಿಚ್ಚುವಾಗ ಒಳಗಿಂದ ನೀರು ತೊಟ್ಟಿಕ್ಕಿತು, ತಾಮ್ರ ಹಸಿರಾಗಿ ಉಗುರಿಗೆ ಪುಡಿಯಾಗುತ್ತಿತ್ತು. ಎರಡೂ ಕಡೆ ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ, ಅದೇ ಗೇಜಿನ ಕೇಬಲ್ ತುಂಡು ಮಧ್ಯೆ ಸೇರಿಸಿ, ಹತ್ತೂ ಜೋಡಿಗೆ ಜೆಲ್ಲಿ ತುಂಬಿದ ಯುವೈ ಕನೆಕ್ಟರ್ ಒತ್ತಿದ್ದು. ಯುವೈ ಹಾಕುವಾಗ ತಂತಿಯ ಸಿಪ್ಪೆ ಸುಲಿಯಬಾರದು. ಸಿಪ್ಪೆ ಸಮೇತ ಕೊನೆಯವರೆಗೆ ತೂರಿಸಿ ಪ್ಲೈಯರ್‌ನಿಂದ ನೇರವಾಗಿ ಒತ್ತಿದರೆ ಒಳಗಿನ ಬ್ಲೇಡ್ ತಾನೇ ಸಿಪ್ಪೆ ಕಡಿದು ತಾಮ್ರ ಹಿಡಿಯುತ್ತದೆ, ಜೆಲ್ಲಿ ನೀರನ್ನು ಹೊರಗಿಡುತ್ತದೆ. ಜಾಯಿಂಟನ್ನು ಚೇಂಬರಿನ ತಳದಲ್ಲಿ ಬಿಡದೆ ಗೋಡೆಗೆ, ನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ, ಡಬ್ಬದಲ್ಲಿ ಹಾಕಿ ಬಿಗಿದದ್ದು. ಆಮೇಲಿನ ಅಳತೆ 38 ಓಮ್. ಕರಕರ ನಿಂತಿತು.

ಈ ಅಳತೆ ಮುಂದಿನ ತೀರ್ಮಾನಕ್ಕೆ ಅಡಿಗಲ್ಲು. ಗೇಟಿಗೆ ಐಪಿ ಫೋನ್ (ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವ ಫೋನ್) ಬೇಕೆಂದರೆ ಎತರ್ನೆಟ್ ಕೇಬಲ್ 100 ಮೀಟರ್ ದಾಟುವಂತಿಲ್ಲ. 210 ಮೀಟರಿಗೆ ಫೈಬರ್, ಎರಡು ಕಡೆ ಕನ್ವರ್ಟರ್, ಗೇಟಿನಲ್ಲಿ ಪ್ರತ್ಯೇಕ ಕರೆಂಟ್ ಬ್ಯಾಕಪ್ ಎಲ್ಲ ಬೇಕು. ಈಗಾಗಲೇ ನೆಲದೊಳಗಿರುವ ತಾಮ್ರ ಸರಿಯಾಗಿದ್ದರೆ ಸಾಮಾನ್ಯ ಫೋನ್ ಅದರ ಮೇಲೆ ಇನ್ನೂ ವರ್ಷಗಟ್ಟಲೆ ನಡೆಯುತ್ತದೆ.

4. ಬಾಕ್ಸ್ ಒಳಗೆ

ಎಸ್‌ಎಂಪಿಎಸ್‌ನಲ್ಲಿ (ಬಾಕ್ಸ್‌ನ ಪವರ್ ಸಪ್ಲೈ) 5 ವೋಲ್ಟ್ ಇರಬೇಕಾದ ಕಡೆ 4.7. ಔಟ್‌ಪುಟ್ ಕಡೆಯ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. 1000 ಮೈಕ್ರೊಫ್ಯಾರಡ್ 25 ವೋಲ್ಟ್ ಎರಡು, 470 ಮೈಕ್ರೊಫ್ಯಾರಡ್ 63 ವೋಲ್ಟ್ ಒಂದು ಹೊಸದು ಹಾಕಿದ್ದಾಯಿತು. 105 ಡಿಗ್ರಿಯ, ಲೋ ಇಎಸ್‌ಆರ್ ಎಂದು ಕೇಳಿಯೇ ತರಬೇಕು. 85 ಡಿಗ್ರಿಯ ಸಾಮಾನ್ಯದ್ದು ಎಸ್‌ಎಂಪಿಎಸ್‌ನಲ್ಲಿ ಬೇಗ ಒಣಗುತ್ತದೆ. ಈಗ 5.06 ವೋಲ್ಟ್. ಎಸ್‌ಎಂಪಿಎಸ್ ಬಿಚ್ಚುವವರಿಗೆ ಎಚ್ಚರಿಕೆ: ಒಳಬರುವ ಕಡೆಯ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಮೀಟರ್‌ನಲ್ಲಿ 10 ವೋಲ್ಟ್‌ಗಿಂತ ಕೆಳಗಿಳಿದದ್ದು ನೋಡಿಯೇ ಕೈ ಹಾಕಿ.

ರೀಸ್ಟಾರ್ಟ್‌ಗೆ ಮುಖ್ಯ ಕಾರಣ ಬ್ಯಾಟರಿ. ಇದು 24 ವೋಲ್ಟ್ ಸಿಸ್ಟಂ, 12 ವೋಲ್ಟ್ 7 ಎಎಚ್ ಎಸ್‌ಎಂಎಫ್ (ನೀರು ಹಾಕಬೇಕಿಲ್ಲದ ಸೀಲ್ ಮಾಡಿದ ಬ್ಯಾಟರಿ) ಎರಡು ಸೀರೀಸ್‌ನಲ್ಲಿ. ಲೋಡ್ ಇಲ್ಲದೆ ಅಳೆದಾಗ ಎರಡೂ 12.9 ತೋರಿಸಿದವು, ಅದನ್ನು ನೋಡಿ ಹಿಂದೆ ಯಾರೋ ಬ್ಯಾಟರಿ ಸರಿಯಿದೆ ಎಂದು ಬಿಟ್ಟಿದ್ದರು. ಬಾಕ್ಸ್ ಲೋಡ್ ಕೊಟ್ಟ ತಕ್ಷಣ ಒಂದು 9.1ಕ್ಕೆ ಕುಸಿಯಿತು. ಎಸ್‌ಎಂಎಫ್ ಬ್ಯಾಟರಿಯನ್ನು ಲೋಡ್ ಮೇಲೆ ಅಳೆಯದಿದ್ದರೆ ಅಳೆದಂತೆಯೇ ಅಲ್ಲ. ಕೆಟ್ಟದ್ದು ಒಂದೇ ಆದರೂ ಜೋಡಿಯಾಗಿ ಬದಲಿಸಬೇಕು, ಇಲ್ಲವಾದರೆ ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ. ಹೊಸದು ಹಾಕಿದ ಮೇಲೆ ಚಾರ್ಜಿಂಗ್ ವೋಲ್ಟೇಜ್ 27.4, ಅಂದರೆ ಒಂದಕ್ಕೆ 13.7. ಸರಿಯಾಗಿದೆ.

ಲೈನ್ 4ರ ಕಾರ್ಡ್‌ನಲ್ಲಿ ವೇರಿಸ್ಟರ್ ಒಡೆದಿತ್ತು, 10 ಓಮ್‌ನ ಫ್ಯೂಸಿಬಲ್ ರೆಸಿಸ್ಟರ್ ಓಪನ್. ಎರಡನ್ನೂ ಬದಲಿಸಿದಾಗ ಟೋನ್ ಬಂತು, ಹೊರಗೆ ಕರೆಯೂ ಹೋಯಿತು, ಆದರೆ ಒಳಬರುವ ಕರೆಗೆ ರಿಂಗ್ ಇಲ್ಲ. ರಿಂಗ್ ಗುರುತಿಸುವ ಆಪ್ಟೊಕಪ್ಲರ್ ಕೂಡ ಹೋಗಿತ್ತು. ಅದಕ್ಕೂ ಮೊದಲು ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಅದೇ ಮಾಡೆಲ್‌ನ ಸೆಕೆಂಡ್‌ಹ್ಯಾಂಡ್ ಕಾರ್ಡ್ ತರಿಸಿ ಹಾಕಿದ ಪ್ರಯತ್ನ ವ್ಯರ್ಥವಾಯಿತು. ಬಾಕ್ಸ್ ಕಾರ್ಡನ್ನು ಗುರುತಿಸಲೇ ಇಲ್ಲ. ಮಾಡೆಲ್ ನಂಬರ್ ಒಂದೇ, ರಿವಿಷನ್ ಬೇರೆ. ಹಳೆಯ ಕಾರ್ಡ್ ಕೊಳ್ಳುವುದಾದರೆ ಪಿಸಿಬಿ ಮೇಲೆ ಅಚ್ಚಾದ ರಿವಿಷನ್ ಸಂಖ್ಯೆಯ ಫೋಟೋ ಮೊದಲು ತರಿಸಿ ನೋಡಿ. ವಾಪಸ್ ತಗೊಳ್ಳುವ ಮಾತೂ ಮುಂಚೆಯೇ ಆಗಿರಲಿ.

ಇಲ್ಲಿಗೆ ರಿಪೇರಿ ಖರ್ಚು:
ಬ್ಯಾಟರಿ 2ಕ್ಕೆ 2,100
ಕೆಪಾಸಿಟರ್ 140
ಪ್ರೊಟೆಕ್ಷನ್ ಮಾಡ್ಯೂಲ್ 5ಕ್ಕೆ 450
ವೇರಿಸ್ಟರ್, ರೆಸಿಸ್ಟರ್, ಆಪ್ಟೊ, ಸಿಪಿಯು ಬ್ಯಾಟರಿ ಸೇರಿ 190
ಯುವೈ ಕನೆಕ್ಟರ್, ಜಾಯಿಂಟ್ ಡಬ್ಬ 500
ಒಟ್ಟು 3,380 ರೂಪಾಯಿ, ಕೂಲಿ ಬಿಟ್ಟು.

ಈ ಹಣಕ್ಕೆ ನಾಲ್ಕೂ ಲೈನ್, ಎಲ್ಲ ಫೋನ್ ಎದ್ದು ಕೂತವು. ಮುಂದೆ ಹೊಸದು ಕೊಂಡರೂ ಈ ರಿಪೇರಿ ದಂಡವಲ್ಲ. ಫೋನ್ ಸತ್ತ ದಿನ ಕೊಟೇಶನ್ ಕೇಳಿದರೆ ಯಾರು ಬೇಗ ತಂದು ಹಾಕುತ್ತಾರೋ ಅವರದ್ದನ್ನು ಕೊಳ್ಳಬೇಕಾಗುತ್ತದೆ. ಕಚೇರಿ ನಡೆಯುತ್ತಿದ್ದರೆ ಅಳೆದು ತೂಗಿ ನೋಡಲು ಸಮಯ ಸಿಗುತ್ತದೆ.

5. ಅರ್ತಿಂಗ್

ಎಂಡಿಎಫ್‌ನ ಅರ್ತ್ ಅಳತೆ 11 ಓಮ್, ಬೇಸಿಗೆಯ ಒಣ ನೆಲದಲ್ಲಿ. 2.5 ಮೀಟರ್ ಉದ್ದ, 40 ಮಿ.ಮೀ. ಜಿಐ ಪೈಪ್ ಇಳಿಸಿ ಇದ್ದಿಲು-ಉಪ್ಪು ತುಂಬಿ ಹೊಸ ಪಿಟ್ ಮಾಡಿ, ಹಳೆಯದರ ಜೊತೆ ಸೇರಿಸಿದ ಮೇಲೆ 3.8. ಖರ್ಚು 6,800. ಟೆಲಿಫೋನ್ ಅರ್ತ್ ಬೇರೆ, ಕರೆಂಟ್ ಅರ್ತ್ ಬೇರೆ ಎಂದು ಪ್ರತ್ಯೇಕವಾಗಿ ಬಿಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಇದು ಅಪಾಯ. ಸಿಡಿಲು ಬಡಿದಾಗ ಎರಡು ಅರ್ತ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಎದ್ದು ಅದು ಬಾಕ್ಸ್ ಮೂಲಕವೇ ಹರಿಯುತ್ತದೆ. ಎರಡನ್ನೂ ದಪ್ಪ ಪಟ್ಟಿಯಿಂದ ಒಂದುಗೂಡಿಸಬೇಕು.

6. ಫೈಬರ್ ಲೈನ್, ಹಳೆಯ ಬಾಕ್ಸ್

ಹೊರಗಿನವರಿಗೆ ಗೊತ್ತಿರುವುದು ನಾಲ್ಕರಲ್ಲಿ ಎರಡೇ ನಂಬರ್. ಆ ಎರಡನ್ನು ಫೈಬರ್‌ಗೆ ಬದಲಿಸಿ, ಉಳಿದೆರಡನ್ನು ಹೊಸ ವ್ಯವಸ್ಥೆ ನೆಲೆಯೂರುವ ತನಕ ತಾಮ್ರದಲ್ಲೇ ಬಿಟ್ಟದ್ದಾಯಿತು. ಒಎನ್‌ಟಿಯ ಎರಡು ಫೋನ್ ಪೋರ್ಟ್‌ಗಳನ್ನು ಹಳೆಯ ಬಾಕ್ಸ್‌ನ ಲೈನ್ 1 ಮತ್ತು 2ಕ್ಕೆ ಜೋಡಿಸಿದಾಗ ಕಂಡದ್ದು:

ಹೊರಹೋಗುವ ಕರೆ ಸರಿ. ಮಾತು ಸ್ವಚ್ಛ.

ಕರೆ ಮಾಡಿದವರ ನಂಬರ್ ಬರುವುದಿಲ್ಲ. ಹಳೆಯ ಬಾಕ್ಸ್ ಡಿಟಿಎಂಎಫ್ ರೂಪದಲ್ಲಿ ಮಾತ್ರ ಓದುತ್ತದೆ, ಈ ಒಎನ್‌ಟಿ ಎಫ್‌ಎಸ್‌ಕೆ ರೂಪದಲ್ಲಿ ಕಳಿಸುತ್ತದೆ.

ಮೂರನೆಯದೇ ಪೆಟ್ಟು. ಹೊರಗಿನವರು ಆಟೋ ಅಟೆಂಡೆಂಟ್ (ಬಾಕ್ಸ್ ತಾನೇ ಕರೆ ಎತ್ತಿ ಕೇಳಿಸುವ ರೆಕಾರ್ಡಿಂಗ್) ಧ್ವನಿ ಕೇಳುತ್ತಿರುವಾಗಲೇ ಫೋನ್ ಇಟ್ಟರೆ ಲೈನ್ ಬಿಡುಗಡೆ ಆಗುವುದಿಲ್ಲ. ತಾಮ್ರದ ಲೈನ್‌ನಲ್ಲಿ ಎಕ್ಸ್‌ಚೇಂಜ್ ಕೊಡುತ್ತಿದ್ದ ಪೊಲಾರಿಟಿ ಬದಲಾವಣೆಯನ್ನು ನೋಡಿ ಈ ಬಾಕ್ಸ್ ಕರೆ ಮುಗಿಯಿತೆಂದು ತಿಳಿಯುತ್ತಿತ್ತು. ಒಎನ್‌ಟಿ ಅದನ್ನು ಕೊಡದೆ ಬರೀ ಬಿಜಿ ಟೋನ್ ಕೊಡುತ್ತದೆ. ಬಿಜಿ ಟೋನ್ ಗುರುತಿಸುವ ವ್ಯವಸ್ಥೆ ಈ ಬಾಕ್ಸ್‌ನಲ್ಲಿಲ್ಲ. ಫಲ: ಲೈನ್ ಗಂಟೆಗಟ್ಟಲೆ ಹಿಡಿದುಕೊಂಡು ಕೂರುತ್ತದೆ, ಕರೆ ಮಾಡಿದವರಿಗೆಲ್ಲ ಬಿಜಿ.

ಆಟೋ ಅಟೆಂಡೆಂಟ್ ತೆಗೆದು ನೇರವಾಗಿ ರಿಸೆಪ್ಷನ್‌ನಲ್ಲಿ ರಿಂಗ್ ಆಗುವಂತೆ ಮಾಡಿದರೆ ತೊಂದರೆ ಬಹುಪಾಲು ಹೋಗುತ್ತದೆ, ಏಕೆಂದರೆ ರಿಸೀವರ್ ಇಟ್ಟ ತಕ್ಷಣ ಬಾಕ್ಸ್ ತಾನೇ ಲೈನ್ ಬಿಡುತ್ತದೆ. ಬೆಂಗಳೂರಿನವರ ಬೇಡಿಕೆ ಇಲ್ಲದಿದ್ದರೆ ಇಲ್ಲಿಗೇ ಕೆಲಸ ನಿಲ್ಲಿಸಬಹುದಿತ್ತು. ಬಟವಾಡಿ ಎಪಿಎಂಸಿ ಯಾರ್ಡಿನ ಮಂಡಿಯಂಥ ಜಾಗದಲ್ಲಿ, ಎರಡು ಲೈನ್ ಆರು ಫೋನ್ ಇರುವಲ್ಲಿ, ನನ್ನ ಸಲಹೆ ಇದೇ: ರಿಪೇರಿ ಮಾಡಿ, ರಿಸೆಪ್ಷನ್‌ಗೆ ರಿಂಗ್ ಕೊಡಿ, ಹಣ ಉಳಿಸಿ.

7. ಫೋನ್ ಯಾರಿಗೆ ಬೇಕು

24 ಪೋರ್ಟ್‌ನಲ್ಲಿ ವೈರಿಂಗ್ ಆಗಿದ್ದು 19. ಬಾಕ್ಸ್‌ನ ಸೀರಿಯಲ್ ಪೋರ್ಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಒಂದು ತಿಂಗಳ ಎಸ್‌ಎಂಡಿಆರ್, ಅಂದರೆ ಕರೆಗಳ ದಾಖಲೆ, ಇಳಿಸಿಕೊಂಡಾಗ 9 ಎಕ್ಸ್‌ಟೆನ್ಷನ್‌ಗಳ ಹೆಸರೇ ಇರಲಿಲ್ಲ. ಆ ಪಟ್ಟಿಯನ್ನು ಹಾಗೇ ನಂಬಿದ್ದರೆ ಗೇಟು, ವೇಬ್ರಿಡ್ಜ್, ಸ್ಟೋರ್ಸ್ ಮೂರಕ್ಕೂ ಫೋನ್ ಕಿತ್ತುಬಿಡುತ್ತಿದ್ದೆವು. ಈ ಬಾಕ್ಸ್‌ನ ಎಸ್‌ಎಂಡಿಆರ್ ಹೊರಗಿನ ಲೈನ್ ಬಳಸಿದ ಕರೆಗಳನ್ನು ಮಾತ್ರ ಬರೆಯುತ್ತದೆ. ಇಂಟರ್‌ಕಾಂ ಕರೆ ಅದರಲ್ಲಿ ಕಾಣುವುದಿಲ್ಲ. ಲಾರಿ ಬಂದಾಗಲೆಲ್ಲ ಗೇಟಿನಿಂದ ವೇಬ್ರಿಡ್ಜ್‌ಗೆ, ವೇಬ್ರಿಡ್ಜ್‌ನಿಂದ ಸ್ಟೋರ್ಸ್‌ಗೆ ದಿನವಿಡೀ ಫೋನ್ ಹೋಗುತ್ತಲೇ ಇರುತ್ತದೆ. ಪಟ್ಟಿ ಹಿಡಿದು ಪ್ರತಿ ಮೇಜಿನಲ್ಲಿ ಕೇಳಿದ ಮೇಲೆ ಉಳಿದದ್ದು 13. ಇದರಲ್ಲಿ 5 (ರಿಸೆಪ್ಷನ್, ಮ್ಯಾನೇಜರ್, ಅಕೌಂಟ್ಸ್, ಸೇಲ್ಸ್ 2) ಕರೆ ವರ್ಗಾಯಿಸುವ, ನಂಬರ್ ನೋಡಬೇಕಾದ ಜಾಗಗಳು. 8 ಬರೀ ಎತ್ತಿ ಮಾತಾಡುವ ಜಾಗಗಳು, ಹೆಚ್ಚಿನವು ಕಚೇರಿಯ ಹೊರಗೆ.

8. ಮೂರು ಲೆಕ್ಕ

ರಿಪೇರಿ ಮಾಡಿ ಬಿಡುವುದು: 3,380. ಬೆಂಗಳೂರಿನ ಬೇಡಿಕೆ ಈಡೇರುವುದಿಲ್ಲ. ಮುಂದಿನ ಸಿಡಿಲಿಗೆ ಸಿಪಿಯು ಹೋದರೆ ಬಿಡಿಭಾಗ ಸಿಗುವ ಖಾತ್ರಿ ಇಲ್ಲ.

ಎಲ್ಲ ಐಪಿ ಮಾಡುವುದು: 19 ಐಪಿ ಫೋನ್ 64,600. ಐಪಿ-ಪಿಬಿಎಕ್ಸ್ 26,000. 24 ಪೋರ್ಟ್ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಫೋನ್‌ಗೆ ಕರೆಂಟ್ ಕೊಡುವುದು) 19,000. ಗೇಟು, ವೇಬ್ರಿಡ್ಜ್‌ಗೆ ಫೈಬರ್ ಮತ್ತು ಕನ್ವರ್ಟರ್ 22,000. ಕ್ಯಾಟ್6 ವೈರಿಂಗ್ ಮತ್ತು ಕೂಲಿ 38,000. ಒಟ್ಟು 1,69,600. ಕೊಟೇಶನ್ ಕೊಟ್ಟವರು 19 ಎಂದು ಎಣಿಸಿದ್ದು ಗೋಡೆಯ ಸಾಕೆಟ್ ನೋಡಿ.

ಮಿಶ್ರ: 4 ಅನಲಾಗ್ ಲೈನ್ ಪೋರ್ಟ್ ಇರುವ ಐಪಿ-ಪಿಬಿಎಕ್ಸ್ 26,000. 16 ಪೋರ್ಟ್ ಎಫ್‌ಎಕ್ಸ್‌ಎಸ್ ಗೇಟ್‌ವೇ (ಹಳೆಯ ಅನಲಾಗ್ ಫೋನ್‌ಗಳನ್ನು ಐಪಿ-ಪಿಬಿಎಕ್ಸ್‌ಗೆ ಜೋಡಿಸುವುದು) 21,500. 5 ಐಪಿ ಫೋನ್ 17,000. 8 ಪೋರ್ಟ್ ಪಿಒಇ ಸ್ವಿಚ್ 5,200. ಗೋಡೆ ರ‍್ಯಾಕ್ 2,800. ಕ್ಯಾಟ್6, ಪ್ಯಾಚ್ ಕಾರ್ಡ್ 6,100. ಕೂಲಿ 9,000. ಒಟ್ಟು 87,600. ಎಲ್ಲ ಬೆಲೆಯೂ ಜಿಎಸ್‌ಟಿ ಸೇರಿ.

ಆರಿಸಿದ್ದು ಮಿಶ್ರ. ಹಳೆಯ ಕೇಬಲ್, ಕ್ರೋನ್, ಎಂಟು ಹಳೆಯ ಫೋನ್‌ಗಳು ಹಾಗೇ ಉಳಿಯುತ್ತವೆ. ಬದಲಾಗುವುದು ಬಾಕ್ಸ್ ಮತ್ತು ಐದು ಮೇಜಿನ ಫೋನ್ ಮಾತ್ರ. ಗೇಟ್‌ವೇಗೆ 8 ಪೋರ್ಟ್ ಸಾಕಿತ್ತು. 16 ತಗೊಂಡದ್ದು ಬಯಲಿನ ಕೇಬಲ್‌ಗೆ ಸಿಡಿಲಿನ ಹೊಡೆತ ತಪ್ಪದು ಎಂಬ ಕಾರಣಕ್ಕೆ. ಒಂದು ಪೋರ್ಟ್ ಸುಟ್ಟರೆ ಜಂಪರ್ ಪಕ್ಕಕ್ಕೆ ಸರಿಸಿದರಾಯಿತು.

9. ಫಲಿಸದ ದಾರಿ: ಹಳೆಯದಕ್ಕೆ ಹೊಸದನ್ನು ಕಟ್ಟುವುದು

ಗೇಟ್‌ವೇ ಖರ್ಚು ಉಳಿಸಲು ಮೊದಲು ಪ್ರಯತ್ನಿಸಿದ್ದು ಇದು: ಹಳೆಯ ಬಾಕ್ಸ್‌ನ 2 ಎಕ್ಸ್‌ಟೆನ್ಷನ್ ಪೋರ್ಟ್‌ಗಳನ್ನು ಹೊಸ ಪಿಬಿಎಕ್ಸ್‌ನ ಎರಡು ಲೈನ್ ಪೋರ್ಟ್‌ಗೆ ಜೋಡಿಸುವುದು. ಕಾಗದದ ಮೇಲೆ ಚೆಂದ. ಚಾಲೂ ಮಾಡಿದಾಗ ಆದದ್ದು ಬೇರೆ.

ಮೊದಲು, ಕರೆ ಮುಗಿದರೂ ಪೋರ್ಟ್ ಬಿಡಲಿಲ್ಲ. ಹೊಸ ಪಿಬಿಎಕ್ಸ್ ಕಾರ್ಖಾನೆಯಿಂದ ಬಂದಾಗ ಬಿಜಿ ಟೋನ್ ಸೆಟಿಂಗ್ ಅಮೆರಿಕದ್ದಿತ್ತು, 480 ಮತ್ತು 620 ಹರ್ಟ್ಜ್. ಭಾರತದ್ದು 400 ಹರ್ಟ್ಜ್, 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನ. ಹಾಗೆ ಬದಲಿಸಿದರೂ ಬಿಡಲಿಲ್ಲ. ಹಳೆಯ ಬಾಕ್ಸ್‌ನ ಬಿಜಿ ಟೋನ್ ರೆಕಾರ್ಡ್ ಮಾಡಿ ಲ್ಯಾಪ್‌ಟಾಪ್‌ನಲ್ಲಿ ಅಲೆ ನೋಡಿದರೆ 400 ಹರ್ಟ್ಜ್ ಸರಿ, ಆದರೆ 0.5 ಸದ್ದು, 0.5 ಮೌನ. ಅದನ್ನೇ ಕೊಟ್ಟ ಮೇಲೆ ಪೋರ್ಟ್ ಬಿಟ್ಟಿತು. ಟೋನ್ ಸಮಸ್ಯೆ ಇರುವವರು ಊಹಿಸಿ ಸಂಖ್ಯೆ ಹಾಕುವ ಬದಲು ಹೀಗೆ ರೆಕಾರ್ಡ್ ಮಾಡಿ ಅಳೆಯಿರಿ.

ಆದರೂ ಮೂರು ತೊಂದರೆ ಉಳಿದವು. ಗೇಟಿಗೆ ಕರೆ ಮಾಡಬೇಕಾದರೆ ಎರಡು ಸಲ ಡಯಲ್ ಟೋನ್ ಕಾಯಬೇಕು. ಕರೆದವರ ನಂಬರ್ ಆಚೆ ದಾಟುವುದಿಲ್ಲ. ಎರಡೇ ದಾರಿ ಇರುವುದರಿಂದ ಮೂರನೆಯ ಕರೆಗೆ ಬಿಜಿ. ಗೇಟ್‌ವೇ ತರಿಸುವುದೇ ಸರಿ ಎಂದಾಯಿತು.

10. ಬದಲಾವಣೆ

ಭಾನುವಾರ ಮಾಡಿದ್ದು. ಗೇಟ್‌ವೇಯ 16 ಪೋರ್ಟ್‌ಗಳನ್ನು ಹೊಸ ಕ್ರೋನ್ ಮಾಡ್ಯೂಲ್ ಮೇಲೆ ಇಳಿಸಿ, ಹಳೆಯ ಬಾಕ್ಸ್‌ನ ಜಂಪರ್‌ಗಳನ್ನು ಕೀಳದೆ ಪಕ್ಕದಲ್ಲಿ ಹೊಸ ಜಂಪರ್ ಸಿದ್ಧವಿಟ್ಟು, ಒಂದೊಂದೇ ಎಕ್ಸ್‌ಟೆನ್ಷನ್ ಸರಿಸಿದ್ದು. ಎಡವಟ್ಟಾದರೆ ಹಳೆಯ ಜಂಪರ್ ಮತ್ತೆ ಒತ್ತಿದರೆ ಸಾಕು.

ಎಕ್ಸ್‌ಟೆನ್ಷನ್ ನಂಬರ್. ಹಳೆಯದು 101ರಿಂದ 124. ಅದರೊಳಗೆ ಅಗ್ನಿಶಾಮಕದ 101, ಆಂಬುಲೆನ್ಸ್‌ನ 108, ತುರ್ತು ಸೇವೆಯ 112 ಎಲ್ಲ ಬಂದುಬಿಡುತ್ತವೆ. ಬೆಂಕಿ ಬಿದ್ದಾಗ ಗಾಬರಿಯಲ್ಲಿ 101 ಒತ್ತಿದವರಿಗೆ ರಿಸೆಪ್ಷನ್ ರಿಂಗ್ ಆಗುತ್ತಿತ್ತು. ಹೊಸದರಲ್ಲಿ ಎಕ್ಸ್‌ಟೆನ್ಷನ್ 301ರಿಂದ ಶುರು, ಕೊನೆಯ ಎರಡು ಅಂಕಿ ಹಳೆಯದೇ. 112, 101, 108 ಯಾವ ಫೋನ್‌ನಿಂದ ಒತ್ತಿದರೂ, ಮುಂದೆ 0 ಇಲ್ಲದೆ, ನೇರ ಹೊರಗೆ ಹೋಗುತ್ತವೆ. ಗೇಟಿನಿಂದ ಹೊರಗಿನ ಕರೆ ಬಂದ್ ಇದ್ದರೂ ಇವಕ್ಕೆ ಮಾತ್ರ ದಾರಿ ಬಿಡಲೇಬೇಕು.

ಎಸ್‌ಟಿಡಿ ಲಾಕ್. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡಲು ಮುಂದೆ 0 ಒತ್ತಬೇಕು. 0 ಬಂದರೆ ತಡೆ ಎಂಬ ಹಳೆಯ ನಿಯಮ ಮೊಬೈಲನ್ನೂ ತಡೆಯುತ್ತದೆ. 0 ಆದ ಮೇಲಿನ ಅಂಕಿ ನೋಡಿ ಬೇರ್ಪಡಿಸುವುದೂ ಪೂರ್ತಿ ಆಗದು. 08 ಎಂದರೆ ಬೆಂಗಳೂರಿನ 080 ಇರಬಹುದು, 8ರಿಂದ ಶುರುವಾಗುವ ಮೊಬೈಲ್ ಕೂಡ ಇರಬಹುದು. ಆದ್ದರಿಂದ 0 ತಡೆಯದೆ, ವಿದೇಶದ ಕರೆಯ 00 ಮಾತ್ರ ತಡೆದದ್ದು. ಐಎಸ್‌ಡಿ ಬೇಡವೆಂದು ಲೈನ್ ಕೊಡುವವರ ಕಡೆಯಿಂದಲೂ ಬಂದ್ ಮಾಡಿಸಿದ್ದು.

ಗೇಟಿನ ಗಂಟೆ. ಗೇಟಿನಲ್ಲಿ ಫೋನ್ ಜೊತೆ ಹೊರಗೆ ಒಂದು ದೊಡ್ಡ ಮೆಕ್ಯಾನಿಕಲ್ ಗಂಟೆ ಪ್ಯಾರಲಲ್ ಇತ್ತು. ಹಳೆಯ ಬಾಕ್ಸ್ 75 ವೋಲ್ಟ್ ರಿಂಗ್ ಕೊಡುತ್ತಿತ್ತು. ಗೇಟ್‌ವೇ ಕೊಟ್ಟದ್ದು 58, ಗಂಟೆಯ ಲೋಡ್ ಮೇಲೆ ಗೇಟಿನಲ್ಲಿ 41. ಫೋನೂ ಇಲ್ಲ, ಗಂಟೆಯೂ ಇಲ್ಲ. ಗೇಟ್‌ವೇಯಲ್ಲಿ ರಿಂಗ್ ಫ್ರೀಕ್ವೆನ್ಸಿ 20ರಿಂದ 25 ಹರ್ಟ್ಜ್‌ಗೆ, ವೋಲ್ಟೇಜ್ ಗರಿಷ್ಠಕ್ಕೆ ಏರಿಸಿ, ಮೆಕ್ಯಾನಿಕಲ್ ಗಂಟೆ ತೆಗೆದು ಎಲೆಕ್ಟ್ರಾನಿಕ್ ರಿಂಗರ್ ಹಾಕಿದ ಮೇಲೆ ಎರಡೂ ಕೂಗಿದವು.

ಮಾತು ಕಡಿದು ಬರುವುದು. ಐಪಿ ಫೋನ್‌ಗಳನ್ನು ಮೊದಲು ಇದ್ದ 100 ಎಂಬಿಪಿಎಸ್ ಸ್ವಿಚ್‌ಗೆ ಹಾಕಿದಾಗ ಮಾತು ಚೂರುಚೂರು. ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಒಂದು ದಿಕ್ಕಿಗೆ ಬೇಕಾಗುವುದು ಸುಮಾರು 87 ಕೆಬಿಪಿಎಸ್. ಆರು ಕರೆ ಒಟ್ಟಿಗೆ ನಡೆದರೂ ಅರ್ಧ ಎಂಬಿ. ಆದರೆ ಅದೇ ಸ್ವಿಚ್‌ನಲ್ಲಿ 16 ಸಿಸಿಟಿವಿ ಕ್ಯಾಮೆರಾ, ತಲಾ 4 ಎಂಬಿ. ಕ್ಯಾಮೆರಾದ ಪ್ಯಾಕೆಟ್‌ಗಳ ಹಿಂದೆ ಮಾತಿನ ಪ್ಯಾಕೆಟ್ ಸರದಿಯಲ್ಲಿ ಕಾಯುತ್ತಿತ್ತು. ಫೋನ್‌ಗೆ ಪ್ರತ್ಯೇಕ ಪಿಒಇ ಸ್ವಿಚ್, ಪ್ರತ್ಯೇಕ ವಿಲ್ಯಾನ್ (ನೆಟ್‌ವರ್ಕ್‌ನೊಳಗೆ ಬೇರ್ಪಡಿಸಿದ ಭಾಗ). ಸರಿಹೋಯಿತು.

ಬೆಂಗಳೂರಿನ ಇಬ್ಬರು. ಒಂದು ಕಡೆಯ ಮಾತು ಮಾತ್ರ ಕೇಳುತ್ತಿತ್ತು. ರೌಟರ್‌ನಲ್ಲಿ ಎಸ್‌ಐಪಿ ಎಎಲ್‌ಜಿ (ಐಪಿ ಕರೆಯ ಪ್ಯಾಕೆಟ್‌ಗಳನ್ನು ತಿದ್ದುವ ಸೆಟಿಂಗ್) ಆಫ್ ಮಾಡಿದ್ದು ಮೊದಲ ಹೆಜ್ಜೆ. ಆಮೇಲೆ ಐಪಿ ಕರೆಗಳ 5060 ಪೋರ್ಟ್ ಇಂಟರ್ನೆಟ್‌ಗೆ ತೆರೆಯದೆ, ವೈರ್‌ಗಾರ್ಡ್ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಮೂಲಕ ಇಬ್ಬರನ್ನೂ ಒಳಗೆ ತಂದದ್ದು. 5060 ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ದಾಳಿ ಶುರುವಾಗಲು ಹೆಚ್ಚು ಹೊತ್ತು ಬೇಡ. ಒಂದು ಎಕ್ಸ್‌ಟೆನ್ಷನ್ ಕೈಗೆ ಸಿಕ್ಕರೆ ರಾತ್ರಿಯಿಡೀ ವಿದೇಶಕ್ಕೆ ಕರೆ ಹೋಗಿ ಬಿಲ್ ಕಚೇರಿಯ ಹೆಸರಿಗೆ ಬರುತ್ತದೆ.

ಕರೆಂಟ್. ಹಳೆಯ ಬಾಕ್ಸ್‌ಗೆ ತನ್ನದೇ ಬ್ಯಾಟರಿ ಇತ್ತು. ಹೊಸದರಲ್ಲಿ ಪಿಬಿಎಕ್ಸ್, ಗೇಟ್‌ವೇ, ಸ್ವಿಚ್, ಒಎನ್‌ಟಿ, ರೌಟರ್ ಎಲ್ಲ ಉಳಿದರೆ ಮಾತ್ರ ಫೋನ್ ಉಳಿಯುತ್ತದೆ. ಒಟ್ಟು ಲೋಡ್ 85 ವ್ಯಾಟ್. ಒಂದು 7 ಎಎಚ್ ಬ್ಯಾಟರಿಯ ಕಂಪ್ಯೂಟರ್ ಯುಪಿಎಸ್ ಇದಕ್ಕೆ ಅರ್ಧ ಗಂಟೆಯೂ ಬಾರದು. ಕಚೇರಿಯ 150 ಎಎಚ್ ಇನ್ವರ್ಟರ್‌ನಿಂದ ಪ್ರತ್ಯೇಕ ಲೈನ್ ಎಳೆದದ್ದು. ಇನ್ವರ್ಟರ್ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು. ಸಾಮಾನ್ಯ ಮೋಡ್‌ನಲ್ಲಿ ಬದಲಾವಣೆ ನಿಧಾನ, ಎಲ್ಲ ಪೆಟ್ಟಿಗೆಗಳೂ ರೀಸ್ಟಾರ್ಟ್ ಆಗಿ ಮತ್ತೆ ಫೋನ್ ಏಳಲು ಎರಡು ಮೂರು ನಿಮಿಷ ಹಿಡಿಯುತ್ತದೆ.

11. ಇನ್ನೂ ಮುಗಿಯದ್ದು

ಲೈನ್ 2ರಲ್ಲಿ ಐಪಿ ಫೋನ್‌ನಿಂದ ಮಾತಾಡಿದರೆ ತಮ್ಮ ಧ್ವನಿ ತಮಗೇ ಮರಳಿ ಕೇಳುತ್ತದೆ. ಲೈನ್ ಪೋರ್ಟ್‌ನ ಇಂಪಿಡೆನ್ಸ್ 600 ಓಮ್‌ನಿಂದ ಬದಲಿಸಿ ನೋಡಿದಾಗ ಸ್ವಲ್ಪ ಇಳಿಯಿತು, ಗೇನ್ 3 ಡೆಸಿಬೆಲ್ ತಗ್ಗಿಸಿದಾಗ ಇನ್ನಷ್ಟು. ಅದಕ್ಕಿಂತ ತಗ್ಗಿಸಿದರೆ ಆಚೆಯವರಿಗೆ ಕೇಳುವುದಿಲ್ಲ. ಒಎನ್‌ಟಿ ಡಿಜಿಟಲ್‌ನಿಂದ ಅನಲಾಗ್ ಮಾಡುತ್ತದೆ, ಪಿಬಿಎಕ್ಸ್ ಅದನ್ನೇ ಮತ್ತೆ ಡಿಜಿಟಲ್ ಮಾಡುತ್ತದೆ. ನಡುವಿನ ಎರಡು ತಂತಿಯಲ್ಲಿ ಹುಟ್ಟುವ ಎಕೋ ಇದು. ಅದೇ ನಂಬರನ್ನು ಎಸ್‌ಐಪಿ ಟ್ರಂಕ್ (ಡಿಜಿಟಲ್ ರೂಪದಲ್ಲೇ ಬರುವ ಲೈನ್) ಆಗಿ ನೇರವಾಗಿ ಪಿಬಿಎಕ್ಸ್‌ಗೆ ಕೊಡಲು ಅರ್ಜಿ ಹಾಕಿದೆ. ಅದು ಬಂದರೆ ಈ ತುಂಡೇ ಇಲ್ಲವಾಗುತ್ತದೆ. ಅಲ್ಲಿಯ ತನಕ ಲೈನ್ 2ರ ಕರೆಗಳು ರಿಸೆಪ್ಷನ್‌ನಲ್ಲಿ ಇಟ್ಟ ಒಂದು ಹಳೆಯ ಅನಲಾಗ್ ಫೋನ್‌ಗೆ ರಿಂಗ್ ಆಗುತ್ತವೆ. ಅದರಲ್ಲಿ ಎಕೋ ತಿಳಿಯುವುದಿಲ್ಲ.

ರಿಪೇರಿಯಾದ ಹಳೆಯ ಬಾಕ್ಸ್, ಬರೆದಿಟ್ಟ ಪ್ರೋಗ್ರಾಮಿಂಗ್ ಹಾಳೆಯೊಂದಿಗೆ, ಎಂಡಿಎಫ್ ಪಕ್ಕದ ಗೋಡೆಯಲ್ಲೇ ಚಾರ್ಜ್ ಮೇಲಿದೆ. ತಾಮ್ರದ ಲೈನ್ 3 ಮತ್ತು 4 ಇನ್ನೂ ಅದರಲ್ಲೇ ಇವೆ. ಎಸ್‌ಐಪಿ ಟ್ರಂಕ್ ಬಂದು, ಒಂದು ಮಳೆಗಾಲ ದಾಟಿದ ಮೇಲೆ ಅವನ್ನು ಸರೆಂಡರ್ ಮಾಡುವುದು.